ಕುದುರೆ ಡಾಕ್ಟರ್ ಆಗಲೋ, ಕುದುರೆ ಪಳಗಿಸೋದನ್ನ ಕಲಿಯಲೋ ಅಂತ ಕೇಳಿದವರಿಗೆ

ಹೊಳಲ್ಕೆರೆ ಕಡೆಯವರು, ಪಿಯುಸಿ ಸೈನ್ಸ್ ಮುಗಿದಿದೆ, ಕುದುರೆ ಅಂದ್ರೆ ಪ್ರಾಣ. ಪಶುವೈದ್ಯಕೀಯ ಓದಲೋ, ಹೊಡೆಯದೆ ಬಡಿಯದೆ ಪಳಗಿಸುವ ತರಬೇತಿ ಕೋರ್ಸ್ ಮಾಡಲೋ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓಡಾಡಿದವಳು ನಾನು. ಎರಡರಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟೆ. ಅದರಿಂದ ನನ್ನ ಕಾಲು ಮುರಿಯಿತು, ಕೆಲಸವೂ ಹೋಯಿತು.

ನಾನು ಆರಿಸಿದ್ದು ಓದು. ಔಷಧಿ, ಆಪರೇಷನ್, ರೋಗಪತ್ತೆ, ಎಲ್ಲವನ್ನೂ ಶ್ರದ್ಧೆಯಿಂದ ಓದಿದೆ. ಪ್ರಾಣಿಯನ್ನು ಹಿಡಿದು ನಿಲ್ಲಿಸೋದು ಮಾತ್ರ ಸೈಸ್‌ಗಳ, ಅಂದ್ರೆ ಕುದುರೆ ನೋಡಿಕೊಳ್ಳುವ ಆಳುಗಳ ಕೆಲಸ, ಡಾಕ್ಟರದ್ದಲ್ಲ ಅಂದುಕೊಂಡಿದ್ದೆ. ಡಿಗ್ರಿ ಬಂದ ಮೇಲೆ ಒಂದು ಖಾಸಗಿ ಕುದುರೆ ಲಾಯಕ್ಕೆ ಸೇರಿದೆ. ಅಲ್ಲೊಂದು ಹೆಣ್ಣು ಕುದುರೆಗೆ ತಂತಿ ಬೇಲಿ ಕುಯ್ದು ತೊಡೆ ಹತ್ತಿರ ಆಳವಾದ ಗಾಯ ಆಗಿತ್ತು. ದಿನಾ ಇಂಜೆಕ್ಷನ್ ಕೊಡಬೇಕಿತ್ತು. ಮೊದಲ ಸಲ ಕೊಡುವಾಗ ಅದು ತಲೆ ಎತ್ತಿ ಸ್ವಲ್ಪ ಸರಿಯಿತು, ಅಷ್ಟೇ. ನಾನು ಹೆದರಿ ಹಿಂದೆ ಬಂದೆ. ಆಮೇಲೆ ಇಬ್ಬರನ್ನು ಕರೆದು, ಮೇಲ್ದುಟಿಗೆ ಹಗ್ಗ ಸುತ್ತಿ ತಿರುಚಿ ಹಿಡಿಸಿ ಚುಚ್ಚಿದೆ. ಮರುದಿನ ಅದು ಕಾಲು ಎತ್ತಿತು. ನಾನು ಮತ್ತೆ ಹಿಂದೆ ಬಂದೆ, ಮತ್ತೆ ಜನ ಕರೆದೆ. ಹೀಗೇ ನಡೆಯಿತು.

ಇಲ್ಲಿ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಆಗ ಯಾರೂ ಹೇಳಿರಲಿಲ್ಲ. ಕುದುರೆಗೆ ಪಾಠ ಹತ್ತೋದು ಒತ್ತಡ ಬಿಟ್ಟ ಕ್ಷಣದಲ್ಲಿ. ಸವಾರ ಲಗಾಮು ಎಳೆದರೆ ಬಾಯಿಗೆ ಒತ್ತುತ್ತದೆ. ಕುದುರೆ ನಿಂತ ಕೂಡಲೇ ಅವನು ಸಡಿಲ ಬಿಡುತ್ತಾನೆ. ನಿಂತರೆ ನೆಮ್ಮದಿ ಅಂತ ಅದು ಕಲಿಯುತ್ತದೆ. ನನ್ನ ವಿಷಯದಲ್ಲಿ ಒತ್ತಡ ಅಂದ್ರೆ ನಾನೇ, ನನ್ನ ಕೈಯಲ್ಲಿದ್ದ ಸಿರಿಂಜೇ. ಅದು ಸರಿದಾಗ ನಾನು ದೂರ ಹೋದೆ. ಕಾಲು ಎತ್ತಿದಾಗ ಇನ್ನೂ ದೂರ ಹೋದೆ. ಸುಮ್ನೆ ನಿಂತಾಗ ಮಾತ್ರ ಹತ್ತಿರ ಹೋಗಿ ಚುಚ್ಚಿದೆ. ಅಂದ್ರೆ ನಿಂತರೆ ನೋವು, ಒದ್ದರೆ ನೆಮ್ಮದಿ ಅಂತ ದಿನಾ ಪಾಠ ಮಾಡಿದೆ. ಕುದುರೆ ತುಂಬಾ ಚೆನ್ನಾಗಿ ಕಲಿಯಿತು. ತುಟಿಗೆ ಹಾಕುವ ಹಗ್ಗವೂ ಕೆಲವು ನಿಮಿಷ ಮಾತ್ರ ಕೆಲಸ ಮಾಡುತ್ತದೆ. ಪದೇ ಪದೇ ಹಾಕಿದರೆ ಮುಖದ ಹತ್ತಿರ ಕೈ ತರೋಕೂ ಬಿಡೋದಿಲ್ಲ. ಗಾಯ ಪೂರ್ತಿ ವಾಸಿಯಾಯಿತು. ನಾನು ಗೆದ್ದೆ ಅಂದುಕೊಂಡೆ.

ಸ್ವಲ್ಪ ದಿನ ಬಿಟ್ಟು ಅದಕ್ಕೆ ರಾತ್ರಿ ಹೊಟ್ಟೆನೋವು ಬಂತು. ಕುದುರೆಯ ಹೊಟ್ಟೆನೋವು ಅಂದ್ರೆ ಸಣ್ಣ ಮಾತಲ್ಲ. ಕುದುರೆಗೆ ವಾಂತಿ ಮಾಡೋಕೆ ಬರೋದಿಲ್ಲ. ಒಳಗೆ ಗ್ಯಾಸು, ನೀರು ತುಂಬಿಕೊಂಡರೆ ಜಠರವೇ ಒಡೆಯಬಹುದು. ಮೂಗಿನ ಮೂಲಕ ಟ್ಯೂಬ್ ಇಳಿಸಿ ಹೊರಗೆ ತೆಗೆಯಬೇಕಾಗುತ್ತದೆ. ನಾಡಿ ನೋಡಬೇಕು. ಸುಮ್ನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರುತ್ತದೆ, 60 ದಾಟಿದರೆ ಕೈ ಕಟ್ಟಿ ಕೂರುವ ಹಾಗಿಲ್ಲ. ಇದೆಲ್ಲ ನನಗೆ ಬಾಯಿಪಾಠ ಇತ್ತು. ಆದರೆ ಹತ್ತಿರ ಹೋಗೋಕೆ ಆಗಬೇಕಲ್ವಾ? ಸಿರಿಂಜ್ ಕಂಡಿದ್ದೇ ತಡ, ತಿರುಗಿ ಒದ್ದಿತು. ನನ್ನ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಬೇರೆ ಹಿರಿಯ ಡಾಕ್ಟರು ಬಂದು ಕುದುರೆಯನ್ನು ಉಳಿಸಿದರು. ಅದೇ ಲಾಯದ ವಯಸ್ಸಾದ ಸೈಸ್ ಚಾಚಾ ಅದರ ಕುತ್ತಿಗೆ ಸವರುತ್ತಾ ನಿಂತಿದ್ದರಂತೆ, ಅದು ಅಲುಗಾಡಲಿಲ್ಲವಂತೆ.

ಆಮೇಲೆ ಊರುಗೋಲು ಹಿಡಿದು ಕುದುರೆಯನ್ನು ನೋಡಲು ಹೋದಾಗ ಚಾಚಾ ನೇರವಾಗಿ ಹೇಳಿದರು: "ಡಾಕ್ಟರಮ್ಮಾ, ಒದೆಯೋದನ್ನ ಅದಕ್ಕೆ ನೀವೇ ಕಲಿಸಿದ್ದು." ಬೈಗುಳ ಅನಿಸಲಿಲ್ಲ, ಅಳು ಬಂತು. ಲಾಯದಲ್ಲಿ ಕೆಲಸ ಉಳಿಯಲಿಲ್ಲ. ಆದರೂ ಚಾಚಾ ಹತ್ತಿರ ಹೋಗಿ ಕೂರೋದನ್ನು ಬಿಡಲಿಲ್ಲ. ಅವರು ಮಾಡುತ್ತಿದ್ದದ್ದು ಇಷ್ಟು: ಸೂಜಿ ಇಲ್ಲದ ಸಿರಿಂಜ್ ಹಿಡಿದು ಕುದುರೆ ಸಹಿಸುವಷ್ಟು ದೂರದಲ್ಲಿ ನಿಲ್ಲೋದು. ಅದು ತಲೆ ತಗ್ಗಿಸಿ ಬಾಯಿ ಚಪ್ಪರಿಸುವವರೆಗೆ ಕಾಯೋದು. ಹಾಗೆ ಮಾಡಿದ ಕೂಡಲೇ ತಾವೇ ಹಿಂದೆ ಸರಿಯೋದು. ನಾಳೆ ಒಂದು ಹೆಜ್ಜೆ ಹತ್ತಿರ. ಕುತ್ತಿಗೆ ಮುಟ್ಟೋದು, ಚರ್ಮ ಚಿವುಟೋದು, ಒಂದು ಚೂರು ಬೆಲ್ಲ. ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರೋದರಿಂದ ಮೂಗಿನ ಮುಂದೆ ಮತ್ತು ಸರಿಯಾಗಿ ಹಿಂದೆ ಅದಕ್ಕೆ ಏನೂ ಕಾಣೋದಿಲ್ಲ. ಅದಕ್ಕೇ ಅವರು ಯಾವಾಗಲೂ ಭುಜದ ಕಡೆಯಿಂದ, ಮಾತಾಡಿಸುತ್ತಾ ಬರುತ್ತಿದ್ದರು. ಕೊನೆಗೆ ಆ ಕುದುರೆ ಹಗ್ಗವಿಲ್ಲದೆ ನಿಂತು ಚುಚ್ಚಿಸಿಕೊಂಡಿತು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಇವು ಎರಡು ದಾರಿ ಅಲ್ಲವೇ ಅಲ್ಲ. ನೀವು ಪ್ರತಿ ಸಲ ಮುಟ್ಟಿದಾಗಲೂ ಕುದುರೆ ಏನೋ ಒಂದು ಕಲಿಯುತ್ತದೆ, ನಿಮಗೆ ಕಲಿಸುವ ಮನಸ್ಸಿರಲಿ ಬಿಡಲಿ. ಹಾಗೇ ಪಳಗಿಸುವವರಿಗೆ ರೋಗ ಗೊತ್ತಿರಬೇಕು. ಹಠಮಾರಿ ಅಂತ ಹೊಡೆತ ತಿನ್ನುವ ಎಷ್ಟೋ ಕುದುರೆಗಳಿಗೆ ಹಲ್ಲು ಚೂಪಾಗಿ ಕೆನ್ನೆ ಕುಯ್ದಿರುತ್ತದೆ, ಇಲ್ಲಾ ಗೊರಸು ನೋಯುತ್ತಿರುತ್ತದೆ.

ಆದರೂ ಮೊದಲು ಡಿಗ್ರಿ ಮಾಡಿ. ಬರೀ ಆನ್‌ಲೈನ್ ಸರ್ಟಿಫಿಕೇಟ್ ನಂಬಿ ಕೂರಬೇಡಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ನೋಂದಣಿ ಆದವರು ಮಾತ್ರ ಪಶುವೈದ್ಯರಾಗಿ ಚಿಕಿತ್ಸೆ ಕೊಡಬಹುದು. ಬಿವಿಎಸ್ಸಿ, ಅಂದ್ರೆ ಪಶುವೈದ್ಯಕೀಯ ಡಿಗ್ರಿ, ಐದೂವರೆ ವರ್ಷ, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಹೆಬ್ಬಾಳ, ಬೀದರ್, ಹಾಸನ, ಗದಗದಲ್ಲೂ ಕಾಲೇಜು ಇವೆ, ನಿಮಗೆ ಹತ್ತಿರ ಶಿವಮೊಗ್ಗ. ಮುಂದೆ ಕುದುರೆ ಕೆಲಸ ಅಂದ್ರೆ ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳು, ಕುದುರೆ ತಳಿ ಬೆಳೆಸುವ ಸ್ಟಡ್ ಫಾರ್ಮ್‌ಗಳು, ಸಂಶೋಧನೆಗೆ ಹರಿಯಾಣದ ಹಿಸಾರ್‌ನಲ್ಲಿರುವ ಅಶ್ವ ಸಂಶೋಧನಾ ಕೇಂದ್ರ. ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ವಿಭಾಗವಾದ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಕೂಡ ಬಿವಿಎಸ್ಸಿ ಆದವರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತದೆ, ಅದರ ಕೇಂದ್ರ ಮೀರತ್‌ನಲ್ಲಿದೆ. ನನ್ನ ಕೇಳಿದರೆ ಅದು ಒಳ್ಳೇ ದಾರಿ, ಅಲ್ಲಿ ಚಿಕಿತ್ಸೆ, ತರಬೇತಿ ಎರಡೂ ಒಂದೇ ಕಡೆ ನೋಡೋಕೆ ಸಿಗುತ್ತದೆ.

ನಮ್ಮ ಕಡೆ ಕುದುರೆಗಳೇ ಇಲ್ಲ ಅಂತಲೂ ಬರೆದಿದ್ದೀರಿ. ಇವೆ, ನೀವು ನೋಡಿಲ್ಲ. ದಾವಣಗೆರೆಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಇದ್ದಾರೆ. ಅವರ ಹತ್ತಿರ ಹೋಗಿ, ರಜೆಯಲ್ಲಿ ಮೈ ಉಜ್ಜಿ, ಗೊರಸು ಎತ್ತೋದನ್ನು ಕಲಿಯಿರಿ. ಈ ಕುದುರೆಗಳಿಗೆ ಡಾಕ್ಟರ ಅಗತ್ಯ ರೇಸ್ ಕುದುರೆಗಿಂತ ಜಾಸ್ತಿ. ಮದುವೆ ಮನೆಯವರು ಪ್ರೀತಿಯಿಂದ ಉಳಿದ ಅನ್ನ, ಬೂಂದಿ ತಿನ್ನಿಸುತ್ತಾರೆ, ಆಮೇಲೆ ಹೊಟ್ಟೆನೋವು, ಗೊರಸಿನ ಊತ. ನಮ್ಮದು ಮೆಕ್ಕೆಜೋಳದ ಸೀಮೆ ಬೇರೆ. ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ದನ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ, ಕುದುರೆಗೆ ಮಾತ್ರ ಅದರ ವಿಷ ಮಿದುಳನ್ನೇ ಕೊಳೆಸಿ ಕೊಲ್ಲುತ್ತದೆ. ಇದನ್ನು ಹೇಳಿದರೂ ಸಾಕು, ಎಷ್ಟೋ ಜೀವ ಉಳಿಯುತ್ತವೆ. ಇನ್ನು ಮುಳ್ಳಿನ ಕಡಿವಾಣ. ಅದನ್ನು ಭಾರ ಎಳೆಯುವ, ಹೊರುವ ಪ್ರಾಣಿಗಳ ಹಿಂಸೆ ತಡೆಯುವ 1965ರ ನಿಯಮಗಳೇ ನಿಷೇಧಿಸಿವೆ. ಡಿಜೆ ಸದ್ದಿಗೆ ಬೆದರುವ ಕುದುರೆಯ ಬಾಯಿಗೆ ಮುಳ್ಳು ಹಾಕಿ ನಿಲ್ಲಿಸೋದು ಅನ್ಯಾಯ. ಆದರೆ ಮಾಲೀಕರ ಜೊತೆ ಜಗಳಕ್ಕೆ ಇಳಿಯಬೇಡಿ. ಸದ್ದಿಗೆ ಹೇಗೆ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸೋದು ಅಂತ ಮಾಡಿ ತೋರಿಸಿ.

ಬರೀ ಕುದುರೆ ನೋಡಿಕೊಂಡು ದಾವಣಗೆರೆ, ಚಿತ್ರದುರ್ಗದಲ್ಲಿ ಜೀವನ ಸಾಗೋದಿಲ್ಲ, ಅದು ನಿಜ. ನಾನು ಇವತ್ತು ಜಾಸ್ತಿ ನೋಡೋದು ಎಮ್ಮೆ, ಆಕಳು, ಕುರಿ, ನಾಯಿ. ಚಾಚಾ ಕಲಿಸಿದ್ದು ಅಲ್ಲೂ ನಡೆಯುತ್ತದೆ. ಮೊದಲ ಸಲ ಕರು ಹಾಕಿದ ಪಡ್ಡೆ ಆಕಳು ಕೆಚ್ಚಲು ಮುಟ್ಟಲು ಬಿಡದಿದ್ದರೆ ಕಾಲು ಕಟ್ಟೋ ಬದಲು ಅದೇ ರೀತಿ ಕೈ ಅಭ್ಯಾಸ ಮಾಡಿಸುತ್ತೇನೆ.

ನಿಮ್ಮ ಅಪ್ಪಾಜಿ "ಸಗಣಿ ಬಾಚೋ ಕೆಲಸ" ಅಂದರು ಅಂತ ಬೇಜಾರಾಗಬೇಡಿ, ನಮ್ಮ ಮನೆಯಲ್ಲೂ ಅದೇ ಮಾತು ಬಂದಿತ್ತು. ಅರ್ಜಿ ಹಾಕೋ ಮೊದಲು ನಿಮ್ಮೂರ ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರನ್ನು ಕೇಳಿಕೊಂಡು ಅವರ ಜೊತೆ ಹಳ್ಳಿ ಸುತ್ತಿ. ಕರು ಅಡ್ಡ ಬಿದ್ದಾಗ ಎಳೆಯೋದನ್ನು, ಕುರಿಗೆ ಔಷಧಿ ಕುಡಿಸೋದನ್ನು ಹತ್ತಿರದಿಂದ ನೋಡಿ. ಡಿಗ್ರಿಯಲ್ಲಿ ಬಹುಪಾಲು ಇರೋದು ಅದೇ, ಕುದುರೆ ಪಾಲು ಕಡಿಮೆ. ಅದು ನಿಮಗೆ ಹಿಡಿಸಿದರೆ ಸೀಟಿಗೆ ಪ್ರಯತ್ನ ಮಾಡಿ. ಹಿಡಿಸದಿದ್ದರೆ ಡಿಗ್ರಿ ಬೇಡ, ಒಳ್ಳೇ ಸೈಸ್ ಕೈಕೆಳಗೆ ಸೇರಿ ಕೆಲಸ ಕಲಿಯಿರಿ. ಅದೂ ಮರ್ಯಾದೆಯ ಕೆಲಸವೇ.