ಇಲಿ ಈಜಿತು ಎಂದಷ್ಟೇ ಬರೆಯಿರಿ

ನಮಸ್ಕಾರ.

ಮನೋರೋಗದ ಔಷಧಗಳು ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಮಿದುಳಿನ ಜಾಲಗಳನ್ನು ಹೇಗೆ ಬದಲಿಸುತ್ತವೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಹಾಗಂತ ಎರಡು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ಅದಕ್ಕೇ ಈ ಉದ್ದದ ಕಾಗದ.

ನಿಮ್ಮ ಮೊದಲ ಸಾಲು: 'ಸೆರೊಟೋನಿನ್ ಕಡಿಮೆಯಾದಾಗ ಮಿದುಳಿನ ಜಾಲ ಹರಿಯುತ್ತದೆ, ಮಾತ್ರೆ ಅದನ್ನು ಮತ್ತೆ ಹೆಣೆಯುತ್ತದೆ.' ಕಿವಿಗೆ ಹಿತವಾಗಿದೆ, ಆದರೆ ಎರಡು ಮಾತೂ ನಿಲ್ಲುವುದಿಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಕೊರತೆಯೇ ಖಿನ್ನತೆಗೆ ಕಾರಣ ಎನ್ನಲು ಗಟ್ಟಿ ಪುರಾವೆ ಕಾಣುತ್ತಿಲ್ಲವೆಂದು 2022ರಲ್ಲಿ ಬಂದ ದೊಡ್ಡ ಸಮೀಕ್ಷೆಯೊಂದು ಹೇಳಿತು. ಆ ತೊಡಕು ಅದಕ್ಕೂ ಹಳೆಯದು. ಖಿನ್ನತೆಗೆ ಕೊಡುವ ಫ್ಲೂಯಾಕ್ಸೆಟಿನ್‌ನಂಥ ಮಾತ್ರೆ, ನರಕೋಶ ಸೆರೊಟೋನಿನ್ ಅನ್ನು ಮತ್ತೆ ಒಳಗೆಳೆದುಕೊಳ್ಳುವುದನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ. ರೋಗಿಯ ಮನಸ್ಸು ಹಗುರಾಗಲು ಮಾತ್ರ ವಾರಗಟ್ಟಲೆ ಬೇಕು. ಆ ವಾರಗಳಲ್ಲಿ ಒಳಗೆ ಏನಾಗುತ್ತದೆ ಎಂಬುದೇ ನಿಮ್ಮ ವಿಷಯದ ಜೀವಾಳ. ನೀವು ಅದನ್ನು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ.

ಕಾರಣದ ಕಥೆ ಬಿದ್ದರೆ ಔಷಧವೂ ಬಿತ್ತು ಎಂದುಕೊಳ್ಳಬೇಡಿ. 1940ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಗಿನಿಪಿಗ್‌ಗಳಿಗೆ ಲಿಥಿಯಂ ಚುಚ್ಚಿದರು. ಅವು ಮಂಕಾಗಿ ಬಿದ್ದುಕೊಂಡವು. ಅದನ್ನು ಶಾಂತಿ ಎಂದು ತಿಳಿದ ಕೇಡ್, ಉನ್ಮಾದದ ರೋಗಿಗಳಿಗೆ ಲಿಥಿಯಂ ಕೊಟ್ಟು ನೋಡಿದರು. ಗುಣ ಕಂಡಿತು. ಪ್ರಾಣಿಗಳಲ್ಲಿ ಕಂಡದ್ದು ಬಹುಶಃ ವಿಷವೇರಿದ ಲಕ್ಷಣ ಎಂದು ಆಮೇಲೆ ಹಲವರು ಶಂಕಿಸಿದ್ದಾರೆ. ದಾರಿ ತಪ್ಪಿಯೂ ಊರು ಸರಿಯಾಗಿ ಸಿಕ್ಕಿದ್ದು ಹೀಗೆ. ಇಂಥ ಅದೃಷ್ಟವನ್ನು ನಿಮ್ಮ ಹಾಗೆ 'ವಿಜ್ಞಾನದ ಅಚಲ ಹೆಜ್ಜೆ' ಎನ್ನಲು ನಾನು ಒಪ್ಪಲಾರೆ.

ಇನ್ನು ಸ್ಕ್ಯಾನ್, ಅಂದರೆ ಕೆಲಸದಲ್ಲಿರುವ ಮಿದುಳನ್ನು ಕಾಂತಕ್ಷೇತ್ರದ ನೆರವಿನಿಂದ ಚಿತ್ರಿಸುವ ಎಫ್‌ಎಂಆರ್‌ಐ. 'ಎಫ್‌ಎಂಆರ್‌ಐ ಯಂತ್ರದಲ್ಲಿ ನರಕೋಶಗಳ ಮಾತುಕತೆ ಕಾಣುತ್ತದೆ' ಎಂದಿದ್ದೀರಿ. ಕಾಣುವುದು ರಕ್ತದ ಆಮ್ಲಜನಕದ ಏರಿಳಿತ. 1990ರಲ್ಲಿ ಜಪಾನಿನ ವಿಜ್ಞಾನಿ ಸೀಜಿ ಒಗಾವ ತೋರಿಸಿಕೊಟ್ಟದ್ದು ಅದನ್ನೇ. ದೂರದೂರದ ಎರಡು ಭಾಗಗಳಲ್ಲಿ ಈ ಏರಿಳಿತ ಜೊತೆಜೊತೆಯಾಗಿ ನಡೆದರೆ ಅವೆರಡೂ ಒಂದೇ ಜಾಲದವು ಎಂದು ಲೆಕ್ಕ ಹಾಕುತ್ತಾರೆ. ಅಂದರೆ ಅಲ್ಲಿರುವುದು ಲೆಕ್ಕದ ನಂಟು. ಕಣ್ಣಿಗೆ ಕಾಣುವ ಎಳೆ ಅದಲ್ಲ, ಆದ್ದರಿಂದ ಹರಿಯುವ ಹೆಣೆಯುವ ಮಾತೇ ಬರುವುದಿಲ್ಲ. ಔಷಧದ ವಿಷಯಕ್ಕೆ ಬಂದಾಗ ಈ ವ್ಯತ್ಯಾಸ ಇನ್ನೂ ದುಬಾರಿಯಾಗುತ್ತದೆ. ಕೆಲವು ಔಷಧಗಳು ರಕ್ತನಾಳದ ಮೇಲೆಯೇ ಕೆಲಸ ಮಾಡುತ್ತವೆ. ಕಾಫಿಯಲ್ಲಿರುವ ಕೆಫೀನ್ ಕೂಡ ಮಿದುಳಿನ ರಕ್ತನಾಳಗಳನ್ನು ಕಿರಿದಾಗಿಸಿ ಈ ಸಂಕೇತವನ್ನು ಬದಲಿಸುತ್ತದೆ. ಹಾಗಾದರೆ ಬದಲಾದದ್ದು ನರಕೋಶದ ನಡತೆಯೋ, ರಕ್ತದ ಹರಿವೋ? ಇನ್ನೊಂದು ಪೇಚು ತಲೆ ಅಲುಗಾಟದ್ದು. ಸ್ಕ್ಯಾನರಿನೊಳಗೆ ತಲೆ ಕೂದಲೆಳೆಯಷ್ಟು ಕದಲಿದರೂ ಇಲ್ಲದ ನಂಟು ಇದ್ದಂತೆ, ಇದ್ದದ್ದು ಇಲ್ಲದಂತೆ ತೋರಬಹುದು ಎಂಬುದು 2012ರ ಹೊತ್ತಿಗೆ ಚೆನ್ನಾಗಿ ಬಯಲಾಯಿತು. ಚಡಪಡಿಸುತ್ತಿದ್ದ ರೋಗಿ ಔಷಧ ನುಂಗಿ ಸುಮ್ಮನೆ ಮಲಗಿದರೆ ಅಷ್ಟಕ್ಕೇ ಚಿತ್ರ ಬೇರೆಯಾಗಬಹುದು. ನೀವು ಉಲ್ಲೇಖಿಸುವ ಪ್ರತಿ ಅಧ್ಯಯನಕ್ಕೂ ಈ ಎರಡು ಪ್ರಶ್ನೆ ಹಾಕಿ. ಉತ್ತರವಿಲ್ಲದವುಗಳನ್ನು ಬಿಟ್ಟುಬಿಡಿ.

ಇಲಿಗಳ ಭಾಗದಲ್ಲಿ ನೀವು ಇನ್ನಷ್ಟು ಧಾರಾಳಿಯಾಗಿದ್ದೀರಿ. 'ಔಷಧ ಪಡೆದ ಇಲಿ ಖಿನ್ನತೆಯಿಂದ ಹೊರಬಂತು' ಎಂಬ ವಾಕ್ಯ ನೋಡಿ. ಆ ಪ್ರಯೋಗ 1977ರಲ್ಲಿ ಸಂಶೋಧಕ ಪೋರ್ಸೋಲ್ಟ್ ಮತ್ತು ಸಂಗಡಿಗರು ರೂಪಿಸಿದ ಈಜು ಪರೀಕ್ಷೆ. ಹತ್ತಿ ಬರಲಾಗದ ನೀರಿನ ಪಾತ್ರೆಯಲ್ಲಿ ಇಲಿಯನ್ನು ಬಿಟ್ಟು, ಅದು ಎಷ್ಟು ಹೊತ್ತು ಈಜುತ್ತದೆ, ಎಷ್ಟು ಹೊತ್ತು ಸುಮ್ಮನೆ ತೇಲುತ್ತದೆ ಎಂದು ಅಳೆಯುತ್ತಾರೆ. ಔಷಧ ಪಡೆದ ಇಲಿ ಹೆಚ್ಚು ಹೊತ್ತು ಈಜಿತು. ಅಷ್ಟೇ ಬರೆಯಿರಿ. ತೇಲುವುದು ಹತಾಶೆಯೋ, ಶಕ್ತಿ ಉಳಿಸಿಕೊಳ್ಳುವ ಜಾಣತನವೋ ಎಂಬ ಜಗಳ ಮುಗಿದಿಲ್ಲ.

ಇಲಿಯನ್ನು ಸ್ಕ್ಯಾನರಿನಲ್ಲಿ ಅಲುಗದಂತೆ ಮಲಗಿಸಲು ಬಹಳಷ್ಟು ಸಲ ಅರಿವಳಿಕೆ ಕೊಡುತ್ತಾರೆ. ಅಂಥ ಒಂದು ಅರಿವಳಿಕೆಯಾದ ಐಸೋಫ್ಲುರೇನ್ ತಾನೇ ಜಾಲಗಳನ್ನು ಬದಲಿಸುತ್ತದೆ, ರಕ್ತನಾಳಗಳನ್ನೂ ಹಿಗ್ಗಿಸುತ್ತದೆ. ಔಷಧದ ಮೇಲೆ ಔಷಧ ಕೂತಿರುವ ಆ ಚಿತ್ರವನ್ನು ಎಚ್ಚರವಿರುವ ಮನುಷ್ಯನ ಚಿತ್ರದ ಪಕ್ಕದಲ್ಲಿಟ್ಟು 'ತದ್ರೂಪ' ಎಂದಿದ್ದೀರಿ. ಡೋಸಿನ ಪ್ರಶ್ನೆಯೂ ಇದೆ: ಸ್ಕಿಜೋಫ್ರೇನಿಯಾಕ್ಕೆ ಕೊಡುವ ಹಾಲೊಪೆರಿಡಾಲ್ ಅನ್ನು ಇಲಿಯ ದೇಹ ಮನುಷ್ಯನಿಗಿಂತ ಎಷ್ಟೋ ಬೇಗ ಹೊರಹಾಕುತ್ತದೆ. ದಿನಕ್ಕೊಂದು ಚುಚ್ಚುಮದ್ದು ಮನುಷ್ಯನ ದಿನಕ್ಕೊಂದು ಮಾತ್ರೆಗೆ ಸಮವಲ್ಲ.

ಹಾಗಾದರೆ ಪ್ರಾಣಿಗಳ ಪ್ರಯೋಗವೇ ಬೇಡವೇ? ಬೇಕು. ಯಾಕೆ ಬೇಕು ಎಂಬುದಕ್ಕೆ ನಿಮ್ಮ ಲೇಖನದಲ್ಲೇ ಉತ್ತರವಿದೆ. ಎಲ್ಲೋ ಕೊನೆಯ ಪುಟದಲ್ಲಿ ಮೂರು ಸಾಲಿನಲ್ಲಿ ಹೂತುಹೋಗಿದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ವರ್ಷಗಳು ಕಳೆದಂತೆ ಮಿದುಳಿನ ಗಾತ್ರ ತುಸು ಕುಗ್ಗುವುದು ಕಂಡುಬಂದಿದೆ. ಅದು ರೋಗದಿಂದಲೋ ಔಷಧದಿಂದಲೋ ಎಂದು ಬೇರ್ಪಡಿಸುವುದು ಮನುಷ್ಯರಲ್ಲಿ ಕಷ್ಟ, ಏಕೆಂದರೆ ಹೆಚ್ಚಿನವರಿಗೆ ಎರಡೂ ಒಟ್ಟಿಗೇ ಇರುತ್ತವೆ. ಪರೀಕ್ಷೆಗೆಂದು ರೋಗಿಗಳನ್ನು ವರ್ಷಗಟ್ಟಲೆ ಔಷಧವಿಲ್ಲದೆ ಇಡುವಂತಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಾವ ರೋಗವೂ ಇಲ್ಲದ ಮಕಾಕ್ ಮಂಗಗಳಿಗೆ 17ರಿಂದ 27 ತಿಂಗಳು ಹಾಲೊಪೆರಿಡಾಲ್ ಅಥವಾ ಅದೇ ರೋಗಕ್ಕೆ ಕೊಡುವ ಒಲಾನ್ಜಪಿನ್ ಕೊಟ್ಟರು. ಔಷಧ ಪಡೆಯದ ಮಂಗಗಳಿಗೆ ಹೋಲಿಸಿದರೆ ಇವುಗಳ ಮಿದುಳಿನ ತೂಕ ಶೇ. 8ರಿಂದ 11ರಷ್ಟು ಕಡಿಮೆಯಿತ್ತು. ರೋಗವನ್ನು ಪಕ್ಕಕ್ಕೆ ಸರಿಸಿ ಔಷಧವನ್ನು ಮಾತ್ರ ನೋಡುವ ಅವಕಾಶ ಹೀಗೆ ಸಿಗುತ್ತದೆ. ಮಿತಿಯನ್ನೂ ಜೊತೆಯಲ್ಲೇ ಹೇಳಿ: ಗುಂಪಿಗೆ ಆರೇ ಮಂಗಗಳು. ಮುಂದೆ ಅಂಗಾಂಶ ಪರೀಕ್ಷಿಸಿದಾಗ ಎದ್ದು ಕಂಡದ್ದು ನರಕೋಶಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳ ಇಳಿಕೆ. 'ನರಕೋಶಗಳ ಮಾರಣಹೋಮ' ಎಂಬ ನಿಮ್ಮ ಉಪಶೀರ್ಷಿಕೆಗೆ ಅಲ್ಲಿ ಆಧಾರವಿಲ್ಲ.

ಕೆಲವು ಅಣಬೆಗಳಲ್ಲಿರುವ, ಭ್ರಮೆ ತರಿಸುವ ಸೈಲೋಸೈಬಿನ್ ಬಗ್ಗೆ ಬರೆದ ಎರಡು ಪುಟ ಬೆರಗಿನಿಂದ ತುಂಬಿವೆ, ಮಾಹಿತಿ ಒಂದು ಪ್ಯಾರಾದಷ್ಟು. ಅಷ್ಟಕ್ಕೇ ಇಳಿಸಿ. ಸೈಲೋಸೈಬಿನ್ ಕೊಟ್ಟು ಮಿದುಳನ್ನು ಸ್ಕ್ಯಾನ್ ಮಾಡಿದ 2024ರ ಅಧ್ಯಯನದಲ್ಲಿ ಏಳೇ ಜನರಿದ್ದರು ಎಂಬುದು ಅದರಲ್ಲಿರಲಿ. ಹೋಲಿಕೆಗೆ ಅವರಿಗೇ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧವನ್ನೂ ಕೊಟ್ಟಿದ್ದರು ಎಂಬುದೂ ಇರಲಿ. ಅಧ್ಯಯನದ ಜಾಣತನ ಇದ್ದದ್ದೇ ಅಲ್ಲಿ, ನೀವು ಅದನ್ನು ಹೇಳಿಯೇ ಇಲ್ಲ.

ಒಂದು ಸಾಲಿನ ವಿಷಯದಲ್ಲಿ ನಾನು ಬಗ್ಗುವುದಿಲ್ಲ. 'ಇದನ್ನು ಓದಿದ ಮೇಲೆ ಮಾತ್ರೆ ಬಿಡಬೇಕೋ ಬೇಡವೋ ನೀವೇ ನಿರ್ಧರಿಸಿ' ಎಂದು ಮುಗಿಸಿದ್ದೀರಿ. ಅದು ಹೋಗಲೇಬೇಕು. ಖಿನ್ನತೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂತಾಗುವುದು ಉಂಟು. ಲಿಥಿಯಂ ಅನ್ನು ಒಮ್ಮೆಗೇ ಬಿಟ್ಟರೆ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ಬಿಡುವುದಿದ್ದರೂ ವೈದ್ಯರ ಜೊತೆ ಮಾತಾಡಿ, ಹಂತಹಂತವಾಗಿ. ಮಂಗಗಳ ಅಂಕಿಯನ್ನು ಓದಿ ಯಾರಾದರೂ ಇವತ್ತು ರಾತ್ರಿಯ ಮಾತ್ರೆ ಎಸೆದರೆ ಅದಕ್ಕೆ ನೀವೂ ಹೊಣೆ, ಅಚ್ಚು ಹಾಕಿದ ನಾನೂ ಹೊಣೆ.

ಮಂಗಗಳಿಂದ ಶುರುಮಾಡಿ. ಅಲ್ಲಿಂದ ಇಲಿಗೆ, ಆಮೇಲೆ ಸ್ಕ್ಯಾನರಿನೊಳಗಿನ ಮನುಷ್ಯನಿಗೆ ಬನ್ನಿ. ಪ್ರತಿ ಹೆಜ್ಜೆಯಲ್ಲೂ ಔಷಧ ಏನನ್ನು ತಾಕಿತು, ಯಂತ್ರ ಏನನ್ನು ಅಳೆಯಿತು, ರೋಗಿಗೆ ಏನನಿಸಿತು ಎಂಬುದನ್ನು ಬೇರೆಬೇರೆಯಾಗಿಯೇ ಇಡಿ. 'ವಿಸ್ಮಯಕಾರಿ'ಗಳನ್ನೆಲ್ಲ ಕಿತ್ತುಹಾಕಿ. ನಿಮ್ಮ ಗದ್ಯಕ್ಕೆ ಓಟವಿದೆ, ಆ ಊರುಗೋಲು ಅದಕ್ಕೆ ಬೇಕಿಲ್ಲ. ಜೊತೆಗೆ ಕಳಿಸಿದ ಕೆಂಪು-ಹಳದಿ ಮಿದುಳಿನ ಚಿತ್ರವನ್ನು ಉಳಿಸಿಕೊಳ್ಳುವುದಾದರೆ, ಎಷ್ಟು ಜನರ ಸರಾಸರಿ, ಯಾವ ಔಷಧ, ಆ ಬಣ್ಣ ಸೂಚಿಸುವುದೇನು ಎಂಬುದನ್ನು ಕೆಳಗೆ ಬರೆದು ಕಳಿಸಿ.

— ಸಂಪಾದಕ