ಡಿ ಡ್ರೈವ್‌ನಲ್ಲಿದ್ದರೆ ಉಳಿಯುತ್ತದೆ ಅಂತ ನಾನೂ ನಂಬಿದ್ದೆ

ವಿಂಡೋಸ್ 10 ತೆಗೆದು ಲಿನಕ್ಸ್ ಹಾಕಬೇಕು, ಫೋಟೋಗಳೆಲ್ಲ ಡಿ ಡ್ರೈವ್‌ನಲ್ಲಿ ಸೇಫಾಗಿವೆ, ಲಿನಕ್ಸ್‌ಗಳಲ್ಲಿ ಮಿಂಟ್ ಒಳ್ಳೆಯದಾ ಉಬುಂಟು ಒಳ್ಳೆಯದಾ ಅಂತ ಕೇಳಿದ್ದೀರಿ. ನಡುವಿನ ಆ ಮಾತು ಓದಿ ಎದೆ ಧಸಕ್ಕೆಂದಿತು.

2020ರ ಜನವರಿ. ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತ ವಾರ. ಹಳೇ ಲ್ಯಾಪ್‌ಟಾಪಿಗೆ ಮಿಂಟ್ 19.3 ಹಾಕಲು ಕೂತೆ. ಮಗಳ ನಾಮಕರಣದ ಫೋಟೋ, ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್ ಎಲ್ಲವೂ ಡಿಯಲ್ಲಿದ್ದವು. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದಾಗಲೆಲ್ಲ ಸಿ ಮಾತ್ರ ಹೋಗುತ್ತಿತ್ತು, ಡಿ ಹಾಗೇ ಇರುತ್ತಿತ್ತು. ಈ ಸಲವೂ ಅಷ್ಟೇ ಅಂದುಕೊಂಡೆ.

ಡಿಸ್ಕ್ ಅಳಿಸಿ ಮಿಂಟ್ ಹಾಕುವ ಆಯ್ಕೆ ಬಂತು. ಡಿಸ್ಕ್ ಅಂದರೆ ಸಿ ಅಂತ ಓದಿಕೊಂಡೆ. ತಪ್ಪಾಗಿದ್ದೇ ಅಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಸಿ, ಡಿ ಎರಡು ಡಿಸ್ಕ್ ಅಲ್ಲ. ಒಂದೇ 500 ಜಿಬಿ ಹಾರ್ಡ್‌ಡಿಸ್ಕ್, ಒಂದೇ ಹೊಲಕ್ಕೆ ನಡುವೆ ಬದು ಹಾಕಿದ ಹಾಗೆ. ಆ ಅಕ್ಷರಗಳನ್ನು ಇಟ್ಟಿದ್ದು ವಿಂಡೋಸ್. ಅಂಥ ಇಡೀ ಡಿಸ್ಕನ್ನು ಲಿನಕ್ಸ್ ಸಾಮಾನ್ಯವಾಗಿ ಎಸ್‌ಡಿಎ ಅನ್ನುತ್ತದೆ, ಭಾಗಗಳನ್ನು ಎಸ್‌ಡಿಎ1, ಎಸ್‌ಡಿಎ2, ಎಸ್‌ಡಿಎ3 ಅನ್ನುತ್ತದೆ. ನನ್ನದರಲ್ಲಿ ಮೊದಲನೆಯದು ವಿಂಡೋಸ್ ಶುರುವಾಗಲು ಬೇಕಾದ 100 ಎಂಬಿಯ ಬೂಟ್ ಭಾಗ, ಎರಡನೆಯದು ಸಿ, ಮೂರನೆಯದೇ ಡಿ. ಡಿಸ್ಕ್ ಅಳಿಸು ಅಂದರೆ ಬದು ಸಮೇತ ಇಡೀ ಹೊಲ ಉತ್ತ ಹಾಗೆ. ಮಿಂಟ್ ಮತ್ತೊಮ್ಮೆ ಕೇಳಿತ್ತು ಕೂಡ. ಸರಿಯಾಗಿ ಓದದೆ ಸುಮ್ನೆ ಒತ್ತಿದೆ.

ಮಿಂಟ್ ಸಲೀಸಾಗಿ ಕೂತಿತು. ವೈಫೈ ಬಂತು. ಬೇರೆ ಭಾಷೆ ಟೈಪ್ ಮಾಡಲು ಬೇಕಾದ ಐಬಸ್ ಹಾಕಿ ಕನ್ನಡದ ಕೆಜಿಪಿ ಕೀಲಿಮಣೆ ಹೊಂದಿಸಿದೆ, ಖುಷಿಯಲ್ಲಿ ಅಪ್‌ಡೇಟ್‌ಗಳನ್ನೂ ಹಾಕಿದೆ. ಸಂಜೆ ನೋಡಿದರೆ ಡಿ ಇಲ್ಲ. ಅಳಿದ ಫೈಲ್ ಹುಡುಕುವ ಫೋಟೊರೆಕ್ ಓಡಿಸಿದ ಮೇಲೆ ಎಷ್ಟೋ ಫೋಟೋ ವಾಪಸ್ ಬಂದವು, ಹೆಸರಿಲ್ಲ, ಫೋಲ್ಡರ್ ಇಲ್ಲ. ಅಜ್ಜಿಯ ದನಿ ಬರಲಿಲ್ಲ. ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಹಾಗಾಗಿ ಮಿಂಟಾ ಉಬುಂಟುವಾ ಅನ್ನುವುದು ಈಗ ಪ್ರಶ್ನೆಯೇ ಅಲ್ಲ. ಮಿಂಟ್ ಹಾಕಿ, ಸಾಕು. ಆದರೆ ಮೊದಲು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತನ್ನಿ. ಡಿಯಲ್ಲಿರುವುದನ್ನೆಲ್ಲ ಕಾಪಿ ಮಾಡಿ, ಒಂದು ರಾತ್ರಿ ಹಿಡಿದರೂ ಹಿಡಿಯಲಿ. ಬೇರೆ ಕಂಪ್ಯೂಟರಿಗೆ ಹಾಕಿ ಹತ್ತಾರು ಫೈಲ್ ತೆರೆದು ನೋಡಿ. ಆಮೇಲೆ ಅದನ್ನು ತೆಗೆದು ಬೀರುವಿನಲ್ಲಿಡಿ. ಇನ್‌ಸ್ಟಾಲ್ ಮಾಡುವಾಗ ಸಿಕ್ಕಿಸಿಕೊಂಡಿದ್ದರೆ ಅದೂ ಪಟ್ಟಿಯಲ್ಲಿ ಇನ್ನೊಂದು ಡಿಸ್ಕ್ ಆಗಿ ಕಾಣುತ್ತದೆ, ಕೈ ತಪ್ಪಬಹುದು ಅಲ್ವಾ? ವಿಂಡೋಸ್ ಪಕ್ಕದಲ್ಲೇ ಹಾಕುತ್ತೇನೆ ಅಂದರೂ ಬ್ಯಾಕಪ್ ಬೇಕೇ ಬೇಕು, ಅಲ್ಲೂ ಬದು ಸರಿಸುವ ಕೆಲಸವಿದೆ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಅನ್ನುವ ಬ್ಯಾಕಪ್ ಸೌಲಭ್ಯ ಇದೆ ಅಂತ ಯಾರಾದರೂ ಹೇಳುತ್ತಾರೆ. ಅದು ಕಾಯುವುದು ಸಿಸ್ಟಮ್ ಫೈಲ್‌ಗಳನ್ನು, ನಿಮ್ಮ ಫೋಟೋಗಳನ್ನಲ್ಲ.

ಕಾಪಿ ಮುಗಿದ ಮೇಲೆ ಡಿಸ್ಕಿನ ಭಾಗಗಳನ್ನು (ಪಾರ್ಟಿಷನ್) ತೋರಿಸುವ ಪರದೆಯ ಫೋಟೋ ತೆಗೆದು ಇಲ್ಲಿ ಹಾಕಿ. ನಾನು ನೋಡಿ ಹೇಳುವವರೆಗೆ ಮುಂದೆ ಒತ್ತಬೇಡಿ.