ಕೇಳಿ, ಬಿಚ್ಚಿ ಹೇಳ್ತೀನಿ

ರೇಡಿಯೊ, ಟಿವಿ ರಿಪೇರಿ ಮಾಡುತ್ತಾ ಅರ್ಧ ಆಯಸ್ಸು ಕಳೆದವಳು ನಾನು. ಅದಕ್ಕೇ ಇರಬೇಕು, ಈ ಸಲ ಬಂದ ಕಾಗದಗಳಲ್ಲಿ ಅರ್ಧ ಕೆಟ್ಟ ವಸ್ತುಗಳದ್ದು, ಉಳಿದರ್ಧ ಕೆಟ್ಟ ರಾಜಕಾರಣದ್ದು. ಎರಡಕ್ಕೂ ಕೈ ಹಾಕುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮ ಸೀಲಿಂಗ್ ಫ್ಯಾನ್ ಐದರಲ್ಲಿ ಇಟ್ಟರೂ ಒಂದರಲ್ಲಿ ಇಟ್ಟ ಹಾಗೆ ತಿರುಗುತ್ತದೆ. ಮಗ ಹೊಸದು ತರೋಣ ಅಂತಾನೆ. ತರೋದಾ?

ಉತ್ತರ: ಸ್ವಲ್ಪ ತಾಳು ಅನ್ನಿ ಮಗನಿಗೆ. ಹೆಚ್ಚಿನ ಸಲ ಇದು ಕೆಪಾಸಿಟರ್ ಕಾಯಿಲೆ. ಫ್ಯಾನಿನ ರಾಡ್ ಹತ್ತಿರ, ಪ್ಲಾಸ್ಟಿಕ್ ಬಟ್ಟಲಿನೊಳಗೆ ಒಂದು ಪುಟ್ಟ ಡಬ್ಬಿ ಇರುತ್ತದೆ, ಮೋಟರಿಗೆ ತಿರುಗುವ ಬಲ ಕೊಡುವ ಕೆಪಾಸಿಟರ್ ಅದೇ. ಮೈ ಮೇಲೆ 2.5 ಮೈಕ್ರೋಫ್ಯಾರಡ್ ಅಂತಲೋ ಮತ್ತೊಂದೋ ಅಂಕಿ ಬರೆದಿರುತ್ತಾರೆ. ವರ್ಷ ಕಳೆದಂತೆ ಅದರ ತಾಕತ್ತು ಇಳಿಯುತ್ತದೆ, ಫ್ಯಾನ್ ನಿಧಾನವಾಗುತ್ತದೆ. ಸ್ವಿಚ್ ಹಾಕಿದಾಗ ಸುಮ್ನೆ ಗುಂಯ್ ಅನ್ನುತ್ತಾ ನಿಂತಿದ್ದು, ಕೋಲಿನಿಂದ ತಳ್ಳಿದರೆ ತಿರುಗಿತು ಅಂದರೆ ಬಹುಪಾಲು ಇದೇ. ಅದೇ ಅಂಕಿಯ ಹೊಸ ಕೆಪಾಸಿಟರ್ ಹಾಕಿಸಿ. ‘ದೊಡ್ಡದು ಹಾಕಿದರೆ ಸ್ಪೀಡ್ ಜಾಸ್ತಿ ಬರುತ್ತೆ’ ಅನ್ನುವವರು ಸಿಗುತ್ತಾರೆ, ಕೇಳಬೇಡಿ. ಮೋಟರಿನೊಳಗಿನ ತಂತಿಯ ಸುರುಳಿ, ಅಂದರೆ ವೈಂಡಿಂಗ್, ಬಿಸಿಯಾಗಿ ಸುಡುತ್ತದೆ. ಮೇನ್ ಆಫ್ ಮಾಡದೆ ಯಾರೂ ಸ್ಟೂಲ್ ಹತ್ತಬೇಡಿ.

ಇದಕ್ಕೂ ಜಗ್ಗದೆ ಕರಕರ ಸದ್ದು ಬಂದರೆ ಬೇರಿಂಗ್ ನೋಡಿಸಿ. ಅದೂ ಆಗಲಿಲ್ಲವಾ, ಆಗ ಮಗನ ಮಾತು ಕೇಳಿ. ಹೊಸ ಬಿಎಲ್‌ಡಿಸಿ ಫ್ಯಾನುಗಳು (ಬ್ರಷ್ ಇಲ್ಲದ ಡಿಸಿ ಮೋಟರಿನವು) ಹಳೆಯದರ ಅರ್ಧದಷ್ಟು ಕರೆಂಟಿನಲ್ಲೇ ಓಡುತ್ತವೆ, ಅದು ನಿಜ. ಆದರೆ ಅದರೊಳಗೆ ಒಂದು ಸರ್ಕ್ಯೂಟ್ ಬೋರ್ಡ್ ಇದೆ. ಕೆಟ್ಟರೆ ಬೋರ್ಡ್ ಮಾತ್ರ ಸಿಗುತ್ತಾ ಅಂತ ಅಂಗಡಿಯವನನ್ನು ದುಡ್ಡು ಕೊಡುವ ಮುಂಚೆಯೇ ಕೇಳಬೇಕು. ಕೊಟ್ಟ ಮೇಲೆ ಅವನ ಕಿವಿ ಮಂದವಾಗುತ್ತದೆ.

ಪ್ರಶ್ನೆ: ಚುನಾವಣೆ ಬಂತೆಂದರೆ ನಮ್ಮನೇಲಿ ಗಂಡ ಒಂದು ಪಕ್ಷ, ಮೈದುನ ಇನ್ನೊಂದು. ನೀನು ಯಾರಿಗೆ ಹಾಕಿದೆ ಅಂತ ಇಬ್ಬರೂ ಪೀಡಿಸುತ್ತಾರೆ. ಹೇಳಿಬಿಡಲಾ?

ಉತ್ತರ: ಬೇಡವೇ ಬೇಡ. ಗುಟ್ಟಾಗಿ ಮತ ಹಾಕುವ ಹಕ್ಕು ಪುಕ್ಕಟೆ ಬಂದದ್ದಲ್ಲ. ಬ್ರಿಟನ್ನಿನಲ್ಲಿ 1872ರವರೆಗೂ ಎಲ್ಲರೆದುರು ನಿಂತು ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಜಮೀನಿನ ಒಡೆಯನಿಗೆ, ಕೆಲಸ ಕೊಟ್ಟ ಧಣಿಗೆ ಅದು ಕೇಳಿಸುತ್ತಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1856ರಲ್ಲೇ ಗುಟ್ಟಿನ ಮತದಾನಕ್ಕೆ ಕಾನೂನು ಮಾಡಿದರು. ಅಷ್ಟು ಕಷ್ಟಪಟ್ಟು ಕಟ್ಟಿದ ಗೋಡೆಯನ್ನು ಊಟದ ಹೊತ್ತಿನ ಜಗಳಕ್ಕೆ ಕೆಡವಬೇಕಾ? ತೀರಾ ಕಾಟ ಕೊಟ್ಟರೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಅವರವರ ಪಕ್ಷದ ಹೆಸರನ್ನೇ ಹೇಳಿ. ಮನೆಯಲ್ಲಿ ಐದು ವರ್ಷ ನೆಮ್ಮದಿ.

ಪ್ರಶ್ನೆ: ‘ಶೇಕಡಾ 70 ರಿಯಾಯಿತಿ’ ಅಂತ ಬೋರ್ಡ್ ಹಾಕ್ತಾರಲ್ಲ, ಅವರಿಗೆ ಹೇಗೆ ಗಿಟ್ಟುತ್ತೆ?

ಉತ್ತರ: ಎಷ್ಟೋ ಸಲ, ಯಾವ ಬೆಲೆಯಿಂದ 70 ಕಳೆದರು ಅನ್ನೋದರಲ್ಲೇ ಗಿಟ್ಟುತ್ತೆ. ಯಾರೂ ಕೊಟ್ಟಿರದ ಬೆಲೆಯನ್ನು ಬರೆದು, ಅದಕ್ಕೆ ಅಡ್ಡಗೆರೆ ಎಳೆದರೆ ಆಯಿತು. ಯುರೋಪಿಯನ್ ಒಕ್ಕೂಟದಲ್ಲಿ 2022ರಿಂದ ಇದಕ್ಕೊಂದು ಮೂಗುದಾರ ಹಾಕಿದ್ದಾರೆ. ಬೆಲೆ ಇಳಿಸಿದ್ದೇವೆ ಅಂತ ಹೇಳಬೇಕಾದರೆ ಹಿಂದಿನ 30 ದಿನಗಳಲ್ಲಿ ಆ ವಸ್ತುವಿಗಿದ್ದ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ಅಂಥ ನಿಯಮ ಇಲ್ಲದ ಕಡೆ ಆ ಕೆಲಸ ನಿಮ್ಮದೇ. ಬೇಕಾದ ವಸ್ತುವಿನ ಬೆಲೆಯನ್ನು ಸೇಲ್‌ಗೆ ಒಂದು ತಿಂಗಳ ಮುಂಚೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಹಿಂದಿನ ಕಾಲದ ಸಾಮಾನೇ ಗಟ್ಟಿ, ಅಲ್ವಾ? ಈಗಿನವರು ಬೇಕಂತಲೇ ಬೇಗ ಕೆಡುವ ಹಾಗೆ ಮಾಡುತ್ತಾರೆ ಅಂತ ನಮ್ಮ ಮಾವನವರ ವಾದ.

ಉತ್ತರ: ಮಾವನವರ ಮಾತಿಗೆ ಸಾಕ್ಷಿ ಇದೆ. 1924ರಲ್ಲಿ ಬಲ್ಬ್ ಮಾಡುವ ದೊಡ್ಡ ಕಂಪನಿಗಳು ಜಿನೀವಾದಲ್ಲಿ ಸೇರಿ ‘ಫೀಬಸ್’ ಅನ್ನುವ ಕೂಟ ಕಟ್ಟಿದವು. ಬಲ್ಬಿನ ಆಯಸ್ಸು 1000 ಗಂಟೆ ಸಾಕು ಅಂತ ಗೊತ್ತು ಮಾಡಿಕೊಂಡವು. ಅದಕ್ಕಿಂತ ಜಾಸ್ತಿ ಬಾಳುವ ಬಲ್ಬ್ ಮಾಡಿದ ಸದಸ್ಯನಿಗೆ ದಂಡ! ಗಟ್ಟಿ ಬಲ್ಬ್ ಅಷ್ಟೇ ಕರೆಂಟಿಗೆ ಬೆಳಕು ಕಡಿಮೆ ಕೊಡುತ್ತೆ ಅನ್ನೋದು ಅವರ ಸಮಜಾಯಿಷಿ. ಅದರಲ್ಲಿ ನಿಜವೂ ಇತ್ತು. ಆದರೆ ಬರೀ ಬೆಳಕಿನ ಕಾಳಜಿಯಾಗಿದ್ದರೆ ದಂಡ ಯಾಕೆ?

ಇನ್ನು ‘ಹಳೆಯದೆಲ್ಲ ಗಟ್ಟಿ’ ಅನ್ನೋದನ್ನು ನಾನು ಒಪ್ಪೋದಿಲ್ಲ. ಹಳೆಯದರಲ್ಲಿ ಕಳಪೆ ಇದ್ದವೆಲ್ಲ ಯಾವಾಗಲೋ ಗುಜರಿಗೆ ಹೋದವು. ಉಳಿದ ನಾಲ್ಕನ್ನು ನೋಡಿ ಆ ಕಾಲವನ್ನೇ ಹೊಗಳುತ್ತೇವೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಫ್ಲಾಟ್ ಟಿವಿ ಸತ್ತು ನನ್ನ ಟೇಬಲ್ಲಿಗೆ ಬಂದರೆ ಮೊದಲು ಪವರ್ ಬೋರ್ಡ್ ನೋಡುತ್ತಿದ್ದೆ. ಅಲ್ಲಿ ಸಣ್ಣ ಸಣ್ಣ ಕೊಳವೆಯಂಥ ಕೆಪಾಸಿಟರುಗಳಿರುತ್ತವೆ. ಅವುಗಳ ತಲೆ ಸಪಾಟಾಗಿರಬೇಕು. ಒಂದೆರಡರ ತಲೆ ಪೂರಿಯ ಹಾಗೆ ಉಬ್ಬಿರುತ್ತಿತ್ತು. ಉಬ್ಬಿದ್ದು ಎಲ್ಲಿರುತ್ತಿತ್ತು ಅಂದರೆ, ಬಿಸಿ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಯ ಪಕ್ಕಕ್ಕೇ ಅಂಟಿಕೊಂಡು. ಹತ್ತು ಡಿಗ್ರಿ ಬಿಸಿ ಏರಿದರೆ ಇವುಗಳ ಆಯಸ್ಸು ಅರ್ಧ ಅನ್ನೋದು ನಮ್ಮ ಕಸುಬಿನವರ ಲೆಕ್ಕ. ಬೋರ್ಡಿನ ನಕ್ಷೆ ಮಾಡುವ ಎಂಜಿನಿಯರಿಗೆ ಇದು ಗೊತ್ತಿರದ ಮಾತಲ್ಲ. 105 ಡಿಗ್ರಿ ತಾಳುವ ಕೆಪಾಸಿಟರ್ ಹಾಕಬಹುದಿತ್ತು, 85ರದ್ದು ಹಾಕಿರುತ್ತಿದ್ದರು. ಬೆಲೆಯಲ್ಲಿ ಇರುವುದು ಚಿಲ್ಲರೆ ವ್ಯತ್ಯಾಸ. ಲಕ್ಷ ಟಿವಿ ಮಾಡುವವನಿಗೆ ಆ ಚಿಲ್ಲರೆಯೇ ಗಂಟು. ನನ್ನ ಕಣ್ಣಿಗೆ ಅಲ್ಲಿ ಸಂಚಿಗಿಂತ ಜುಗ್ಗತನವೇ ಜಾಸ್ತಿ ಕಂಡಿದೆ. ಕೊಂಡವರಿಗೆ ಎರಡೂ ಒಂದೇ ಅನ್ನಿ.

ಪ್ರಶ್ನೆ: ಪ್ರಣಾಳಿಕೆಗೂ ವಾರಂಟಿ ಕಾರ್ಡಿಗೂ ಏನು ವ್ಯತ್ಯಾಸ?

ಉತ್ತರ: ವಾರಂಟಿ ಕಾರ್ಡಿನಲ್ಲಿ, ಯಾವುದಕ್ಕೆ ನಾವು ಹೊಣೆಯಲ್ಲ ಅನ್ನೋದನ್ನು ಸಣ್ಣ ಅಕ್ಷರದಲ್ಲಾದರೂ ಬರೆದಿರುತ್ತಾರೆ.

ಪ್ರಶ್ನೆ: ನಮ್ಮ ಸ್ಮಾರ್ಟ್ ಟಿವಿಯ ಚಿತ್ರ ಚೆನ್ನಾಗಿಯೇ ಇದೆ. ಆದರೆ ಆ್ಯಪ್‌ಗಳು ಒಂದೊಂದಾಗಿ ನಿಂತುಹೋಗುತ್ತಿವೆ.

ಉತ್ತರ: ಟಿವಿ ಕೆಟ್ಟಿಲ್ಲ, ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಡೋದು ಬಿಟ್ಟಿರಬೇಕು. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ತನ್ನಿ, ಟಿವಿಯನ್ನು ಬರೀ ಪರದೆಯಾಗಿ ಬಳಸಿ. ಎಸೆಯಬೇಡಿ.

ಪ್ರಶ್ನೆ: ರಿಪೇರಿ ವಿಷಯ ಚೆನ್ನಾಗಿ ಬರೀತೀರಿ ಮೇಡಂ. ನಡುನಡುವೆ ರಾಜಕೀಯ ಯಾಕೆ ತುರುಕುತ್ತೀರಿ?

ಉತ್ತರ: ನಿಮ್ಮ ಫ್ರಿಜ್ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂತೆಂದರೆ ಅಂಚಿನ ರಬ್ಬರ್ ಸಡಿಲವಾಗಿದೆ. ತಂಪು ಹೊರಗೆ ಹೋಗುತ್ತಿದೆ, ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತಿದೆ. ಈಗ ಆ ರಬ್ಬರ್ ಬೇಕು. ‘ಈ ಮಾಡೆಲ್ ನಿಂತುಹೋಗಿದೆ, ಹೊಸ ಫ್ರಿಜ್ ತಗೊಳ್ಳಿ’ ಅನ್ನುತ್ತಾರೆ. ಒಂದು ರಬ್ಬರ್ ಪಟ್ಟಿಗೋಸ್ಕರ ಇಡೀ ಫ್ರಿಜ್!

ಯುರೋಪಿಯನ್ ಒಕ್ಕೂಟದಲ್ಲಿ ಮಾರ್ಚ್ 2021ರಿಂದ ಜಾರಿಯಾದ ನಿಯಮದ ಪ್ರಕಾರ, ಒಂದು ಮಾಡೆಲಿನ ಕೊನೆಯ ಫ್ರಿಜ್ ಮಾರುಕಟ್ಟೆಗೆ ಬಿಟ್ಟ ಮೇಲೂ ಈ ರಬ್ಬರ್ 10 ವರ್ಷ ಸಿಗುವಂತಿರಬೇಕು. ಅದೇ ವರ್ಷ ಫ್ರಾನ್ಸಿನಲ್ಲಿ ಫೋನು, ಟಿವಿ, ವಾಷಿಂಗ್ ಮಷಿನ್‌ಗಳಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಬರೆದು ತೋರಿಸುವುದನ್ನು ಕಡ್ಡಾಯ ಮಾಡಿದರು. ಇದನ್ನೆಲ್ಲ ಯಾವ ಕಂಪನಿಯೂ ಪ್ರೀತಿಯಿಂದ ಕೊಟ್ಟಿದ್ದಲ್ಲ. ಜನ ಕೇಳಿದರು, ಗೆದ್ದು ಹೋದವರು ಕಾನೂನು ಮಾಡಿದರು. ಮತ ಕೇಳಲು ಬಂದವರನ್ನು ನಾವು ಏನೇನೋ ಕೇಳುತ್ತೇವೆ. ಬಿಡಿಭಾಗ ಎಷ್ಟು ವರ್ಷ ಸಿಗುವ ಹಾಗೆ ಮಾಡ್ತೀರಿ ಅಂತ ಯಾರಾದರೂ ಕೇಳಿದ್ದೀರಾ? ತುರುಕಿದ್ದು ನಾನಲ್ಲ ಸ್ವಾಮಿ, ಅದು ಬಾಗಿಲ ಸಂದಿಯಲ್ಲೇ ಇತ್ತು.

ಪ್ರಶ್ನೆ: ಅಜ್ಜನ ಕಾಲದ ದಪ್ಪ ಟಿವಿ ಇದೆ. ಒಳಗಿನದನ್ನೆಲ್ಲ ತೆಗೆದು ಮೀನಿನ ತೊಟ್ಟಿ ಮಾಡೋಣ ಅಂತ ಮಕ್ಕಳ ಆಸೆ.

ಉತ್ತರ: ಸ್ಕ್ರೂಡ್ರೈವರ್ ಕೆಳಗಿಡಿ. ಬಣ್ಣದ ಪಿಕ್ಚರ್ ಟ್ಯೂಬ್ ಓಡುವಾಗ ಅದರಲ್ಲಿ 20,000 ವೋಲ್ಟಿಗೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರಬಹುದು. ಟ್ಯೂಬಿನೊಳಗೆ ಗಾಳಿ ಇಲ್ಲ, ಪೆಟ್ಟು ಬಿದ್ದರೆ ಗಾಜು ಸಿಡಿಯಬಹುದು. ಆ ಗಾಜಿನಲ್ಲಿ ಸೀಸವೂ ಇದೆ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತಗೊಳ್ಳುವವರಿಗೆ ಇಡಿಯಾಗಿ ಕೊಡಿ. ಮೀನಿಗೆ ಗಾಜಿನ ತೊಟ್ಟಿಯನ್ನೇ ತನ್ನಿ. ಅದಕ್ಕಂತೂ ರಿಯಾಯಿತಿ ಕಾಯಬೇಕಾಗಿಲ್ಲ.